ತಾರೆಯರ ಮಾತು ಮತ್ತು ನಮ್ಮ ಮನೆಯ ಆರೋಗ್ಯ

(ಮೈಸೂರಿನ ವಿಜಯನಗರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಸಾಮಾಜಿಕ ಜಾಲತಾಣಗಳ ಮೂಲಕ ಖ್ಯಾತನಾಮರು ಜನರಲ್ಲಿ ಆರೋಗ್ಯದ ಅರಿವು ಮೂಡಿಸುವ ಬಗ್ಗೆ ಮಾತನಾಡಬೇಕೆಂದು ಸಂಘದವರು ನನಗೆ ಹೇಳಿದ್ದಾರೆ. ಈ ವಿಷಯವನ್ನು ಕೇಳಿದ ಕೂಡಲೆ ಇದು ಸಿನಿಮಾದವರ ಸಂಗತಿ, ನಮಗೇನು ಸಂಬಂಧ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಆದರೆ ಈ ಸಭೆಯಲ್ಲಿ ಕುಳಿತಿರುವ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ಮೊಬೈಲ್ ಇದೆ. ಏನು ತಿನ್ನಬೇಕು, ಯಾವ ಲಸಿಕೆ ಹಾಕಿಸಬೇಕು, ಯಾವ ಕಾಯಿಲೆಗೆ ಹೆದರಬೇಕು ಎಂಬುದನ್ನು ವೈದ್ಯರಿಗಿಂತ ಮೊದಲು ಆ ಮೊಬೈಲ್ ಹೇಳುತ್ತಿದೆ. ಅದರಲ್ಲಿ ಕಾಣುವ ಮುಖ ನಮಗೆ ಇಷ್ಟವಾದ ನಟನದ್ದೋ ಆಟಗಾರನದ್ದೋ ಆದರೆ ನಾವು ಪ್ರಶ್ನೆ ಮಾಡದೆ ನಂಬುತ್ತೇವೆ. ಆದ್ದರಿಂದ ಇದು ನಮ್ಮ ಮನೆಯ ವಿಷಯವೇ ಆಗಿದೆ.

ಮೈಸೂರಿನಲ್ಲೇ ಇದಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ

ಮೊಬೈಲ್ ಹೊಸದಿರಬಹುದು, ಆದರೆ ಪ್ರಸಿದ್ಧರ ಮೂಲಕ ಜನರಿಗೆ ಧೈರ್ಯ ಹೇಳಿಸುವ ಕ್ರಮ ಹಳೆಯದು. ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. 1802ರಲ್ಲಿ ಅದು ಮುಂಬಯಿಗೆ ಬಂತು. ಆಗ ಲಸಿಕೆಯನ್ನು ಒಬ್ಬರ ತೋಳಿನಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಅದರ ಮೂಲ ಹಸುವಿನ ಕಾಯಿಲೆ. ಅದನ್ನು ತಂದವರು ಪರದೇಶದವರು. ಜನ ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದಲ್ಲಿ, ಅಂದರೆ 1805ರ ಸುಮಾರಿಗೆ, ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ ಮೈಸೂರಿನ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದ. ಅವರು ನರ್ತಕಿಯರೆಂದು ಬಹುಕಾಲ ಭಾವಿಸಲಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು ಅದನ್ನು ಪರಿಶೀಲಿಸಿ, ಅವರು ಮೈಸೂರು ಅರಮನೆಯ ಸ್ತ್ರೀಯರು ಎಂದು ವಾದಿಸಿದರು. ಅವರ ವಿವರಣೆಯಂತೆ ಚಿತ್ರದಲ್ಲಿರುವ ಒಬ್ಬಾಕೆ ಬಾಲಕ ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ. ಆಕೆ ಸೆರಗನ್ನು ಸರಿಸಿ ಲಸಿಕೆ ಹಾಕಿದ ತೋಳಿನ ಜಾಗವನ್ನು ತೋರಿಸುತ್ತಿದ್ದಾರೆ. ಇನ್ನೊಬ್ಬ ರಾಣಿಯ ಮುಖದ ಮೇಲೆ ಹಳೆಯ ಪದ್ಧತಿಯ ಚಿಕಿತ್ಸೆಯ ಕಲೆಗಳಿವೆ. ನಡುವೆ ನಿಂತವರು ಲಕ್ಷ್ಮಮ್ಮಣ್ಣಿಯವರು. ರಾಣಿಯೇ ಹಾಕಿಸಿಕೊಂಡಿದ್ದಾರೆ, ನೀವೂ ಹಾಕಿಸಿಕೊಳ್ಳಿ ಎಂಬುದೇ ಚಿತ್ರದ ಸಂದೇಶ.

ನಮ್ಮ ಹಿರಿಯರ ತೋಳಿನ ಮೇಲೆ ದಾಕು ಹಾಕಿಸಿದ ಗುರುತು ಈಗಲೂ ಇದೆ. ಕಿರಿಯರ ತೋಳಿನ ಮೇಲೆ ಸಿಡುಬಿನ ಆ ಗುರುತು ಇಲ್ಲ, ಯಾಕೆಂದರೆ ಅದರ ಅಗತ್ಯವೇ ಇಲ್ಲದಂತಾಯಿತು. 1980ರಲ್ಲಿ ಸಿಡುಬು ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಸಿಡುಬನ್ನು ಓಡಿಸಿದ್ದು ಚಿತ್ರವಲ್ಲ. ಮನೆ ಮನೆಗೆ ಹೋಗಿ ಲಸಿಕೆ ಹಾಕಿದ ಸಾವಿರಾರು ಜನರು ಓಡಿಸಿದರು. ಪ್ರಸಿದ್ಧರು ಎಷ್ಟು ಮಾಡಬಲ್ಲರು, ಎಲ್ಲಿಂದ ಮುಂದೆ ನಮ್ಮ ಕೆಲಸ ಶುರುವಾಗುತ್ತದೆ ಎಂಬುದೇ ನನ್ನ ಇಂದಿನ ಭಾಷಣದ ತಿರುಳು.

ಇಬ್ಬರು ನಟರು, ನಾಲ್ಕು ಕಣ್ಣುಗಳು

ಕನ್ನಡ ನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಅವರ ಹೆಸರಿನಲ್ಲಿ ನೇತ್ರ ಬ್ಯಾಂಕ್ ಪ್ರಾರಂಭವಾದಾಗ ಅವರು ತಮ್ಮ ಕಣ್ಣುಗಳನ್ನು ದಾನ ಮಾಡುವುದಾಗಿ ಹೇಳಿದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಕುಟುಂಬದವರು ಆ ಮಾತನ್ನು ನಡೆಸಿಕೊಟ್ಟರು. ಆಗ ಆ ಸುದ್ದಿ ಪತ್ರಿಕೆ, ದೂರದರ್ಶನಗಳಿಂದ ಜನರಿಗೆ ತಲುಪಿತು.

2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಡಾ. ಭುಜಂಗ ಶೆಟ್ಟಿ ಅವರ ನೇತೃತ್ವದ ವೈದ್ಯರು ಪ್ರತಿ ಕಾರ್ನಿಯಾವನ್ನು, ಅಂದರೆ ಕಣ್ಣಿನ ಪಾರದರ್ಶಕ ಮುಂಪದರವನ್ನು, ಎರಡು ಪದರಗಳಾಗಿ ಬೇರ್ಪಡಿಸಿದರು. ಮೇಲ್ಪದರದ ತೊಂದರೆ ಇದ್ದ ಇಬ್ಬರಿಗೆ ಮೇಲ್ಪದರವನ್ನು, ಒಳಪದರದ ತೊಂದರೆ ಇದ್ದ ಇಬ್ಬರಿಗೆ ಒಳಪದರವನ್ನು ಕಸಿ ಮಾಡಿದರು. ಹೀಗೆ ಒಬ್ಬರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಈ ಸುದ್ದಿ ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಕೆಲವೇ ಗಂಟೆಗಳಲ್ಲಿ ನಾಡಿನಾದ್ಯಂತ ಹರಡಿತು. ಮುಂದಿನ ವಾರಗಳಲ್ಲಿ ಸಾವಿರಾರು ಮಂದಿ ನೇತ್ರದಾನಕ್ಕೆ ಹೆಸರು ನೋಂದಾಯಿಸಿದರು. ಸರ್ಕಾರಿ ಜಾಹೀರಾತುಗಳು ವರ್ಷಗಟ್ಟಲೆ ಹೇಳಿದರೂ ಕಾಣದ ಉತ್ಸಾಹ ಅದು.

ಅದೇ ವರ್ಷ ಏಪ್ರಿಲ್‌ನಲ್ಲಿ ಪುನೀತ್ ಕೋವಿಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡು ಚಿತ್ರವನ್ನು ಜಾಲತಾಣದಲ್ಲಿ ಪ್ರಕಟಿಸಿ, 45 ವರ್ಷ ದಾಟಿದವರು ಹಾಕಿಸಿಕೊಳ್ಳಿ ಎಂದಿದ್ದರು. ಇನ್ನೂರು ವರ್ಷಗಳ ಹಿಂದೆ ರಾಣಿ ತೋಳು ತೋರಿಸಿದ್ದಕ್ಕೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿಲ್ಲ.

ಆದರೆ ನೇತ್ರದಾನದ ವಿಷಯದಲ್ಲಿ ಹೆಸರು ನೋಂದಾಯಿಸಿದರೆ ಅರ್ಧ ಕೆಲಸವೂ ಆದಂತಲ್ಲ. ಮರಣದ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣುಗಳನ್ನು ಸಂಗ್ರಹಿಸಬೇಕು. ನೋಂದಾಯಿಸಿದವರು ಆಗ ಇರುವುದಿಲ್ಲ. ದುಃಖದಲ್ಲಿರುವ ಮನೆಯವರೇ ನೆನಪಿಟ್ಟು ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು, ಒಪ್ಪಿಗೆ ಕೊಡಬೇಕು. ಅಲ್ಲಿಯವರೆಗೆ ಫ್ಯಾನ್ ನಿಲ್ಲಿಸಿ, ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿ ಇಡಬೇಕು. ಕನ್ನಡಕ ಹಾಕುವವರೂ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ದಾನ ಮಾಡಬಹುದು. ಧಾರ್ಮಿಕ ಪ್ರಶ್ನೆಗಳಿರುವವರು ತಾವು ನಂಬುವ ವಿದ್ವಾಂಸರನ್ನು ಇಂದೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಆ ಆರು ಗಂಟೆಗಳಲ್ಲಿ ಕೇಳಲು ಸಮಯ ಸಿಗುವುದಿಲ್ಲ. ನಟನ ಕರೆ ನಮ್ಮ ಬಾಗಿಲವರೆಗೆ ಬರುತ್ತದೆ. ಮನೆಯೊಳಗೆ ಕುಳಿತು ಮಾತಾಡಬೇಕಾದವರು ನಾವು.

ಮುಚ್ಚಿಟ್ಟ ಕಾಯಿಲೆಗೆ ಮಾತು

ಪ್ರಸಿದ್ಧರು ಮಾಡಬಹುದಾದ ಎರಡನೆಯ ಉಪಕಾರ, ಕಾಯಿಲೆಯ ಬಗ್ಗೆ ಇರುವ ನಾಚಿಕೆಯನ್ನು ಕಡಿಮೆ ಮಾಡುವುದು. ನಟ ಶಿವರಾಜ್‌ಕುಮಾರ್ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಿತ್ತು. 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ನಡೆದು, ಮೂತ್ರಕೋಶವನ್ನು ತೆಗೆದು ಕರುಳಿನ ಭಾಗದಿಂದ ಹೊಸದನ್ನು ರಚಿಸಲಾಯಿತು. 2025ರ ಜನವರಿ 1ರಂದು ಅವರು ಪತ್ನಿ ಗೀತಾ ಅವರೊಂದಿಗೆ ಕುಳಿತು ವಿಡಿಯೋ ಮೂಲಕ, ಕ್ಯಾನ್ಸರ್‌ನಿಂದ ಮುಕ್ತನಾಗಿದ್ದೇನೆ ಎಂದು ಭಾವುಕರಾಗಿ ತಿಳಿಸಿದರು. ಪರದೆಯ ಮೇಲೆ ಹತ್ತು ಜನರನ್ನು ಹೊಡೆದುರುಳಿಸುವ ನಾಯಕ "ನನಗೂ ಕ್ಯಾನ್ಸರ್ ಬಂದಿತ್ತು" ಎಂದು ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಕ್ಯಾನ್ಸರ್ ಎಂಬ ಪದವನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಆ ಕಾಯಿಲೆ" ಎನ್ನುತ್ತೇವೆ. ಮಗಳ ಮದುವೆಗೆ ತೊಂದರೆಯಾದೀತೆಂದು ತಾಯಿಯ ಕಾಯಿಲೆಯನ್ನು ಮುಚ್ಚಿಡುತ್ತೇವೆ. ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಂಡರೆ ಗಂಡಸರು ನಾಚಿಕೆಯಿಂದ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಅದು ಒಮ್ಮೆ ಕಂಡು ನಿಂತರೂ ವೈದ್ಯರಿಗೆ ತೋರಿಸಲೇಬೇಕಾದ ಲಕ್ಷಣ. ಈ ಕ್ಯಾನ್ಸರ್‌ಗೆ ತಂಬಾಕು ಸೇವನೆ ಒಂದು ಪ್ರಮುಖ ಕಾರಣವೆಂಬುದು ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿ. ಆದರೆ ಕಾಯಿಲೆ ಬಂದ ವ್ಯಕ್ತಿಯನ್ನು ಕಂಡ ಕೂಡಲೆ ಕಾರಣ ಹುಡುಕಿ ದೂಷಿಸುವುದು ಬೇಡ. ತಂಬಾಕು ಮುಟ್ಟದವರಿಗೂ ಅದು ಬರಬಹುದು.

ಮನಸ್ಸಿನ ಕಾಯಿಲೆಯ ವಿಷಯವೂ ಹೀಗೆಯೇ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮಗೆ ಖಿನ್ನತೆ ಬಂದಿತ್ತೆಂದು ಬಹಿರಂಗವಾಗಿ ಹೇಳಿದರು. ಅದೇ ವರ್ಷ ಈ ಕೆಲಸಕ್ಕಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮಾನಸಿಕ ರೋಗಿಗಳಿಗೆ ಚಿಕಿತ್ಸೆ ತಲುಪಿಸುವ ಕಾರ್ಯಕ್ರಮವನ್ನೂ ಅದು ನಡೆಸಿತು. ಬರಿಯ ಮಾತಿಗೂ, ಮಾತಿನ ಹಿಂದೆ ಒಂದು ಸೇವೆ ಇರುವುದಕ್ಕೂ ಇರುವ ವ್ಯತ್ಯಾಸ ಇದು. ವಿದ್ಯಾರ್ಥಿ ಮಿತ್ರರೆ, ಪರೀಕ್ಷೆಯ ಭಯದಿಂದಲೋ ಮನೆಯ ತೊಂದರೆಯಿಂದಲೋ ನಿದ್ದೆ ಹೋದರೆ, ಬದುಕೇ ಬೇಡವೆನ್ನಿಸಿದರೆ, 14416 ಎಂಬ ಸಂಖ್ಯೆಗೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತನಾಡಬಹುದು.

ನಾಣ್ಯದ ಇನ್ನೊಂದು ಮುಖ

ಈಗ ಎಚ್ಚರಿಕೆಯ ಮಾತು. ಪ್ರಸಿದ್ಧರ ಸುದ್ದಿ ಎಷ್ಟು ಬೇಗ ಅರಿವನ್ನು ಹರಡುತ್ತದೋ ಅಷ್ಟೇ ಬೇಗ ಭಯವನ್ನೂ ತಪ್ಪು ತಿಳಿವಳಿಕೆಯನ್ನೂ ಹರಡುತ್ತದೆ.

ಪುನೀತ್ ನಿಧನದ ನಂತರ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಯಲ್ಲಿ ಜನ ಸಾಲುಗಟ್ಟಿದರು. ವ್ಯಾಯಾಮವೇ ಅಪಾಯವೆಂದು ಜಿಮ್ ಬಿಟ್ಟವರೂ ಉಂಟು. 2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಜಾಲತಾಣಗಳಲ್ಲಿ ಹರಿದಾಡಿದಾಗ, ನಮ್ಮ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ನೂಕುನುಗ್ಗಲು. ಭಯದಿಂದ ಬಂದ ಆರೋಗ್ಯವಂತರ ಸಾಲಿನಲ್ಲಿ ನಿಜವಾದ ರೋಗಿಯೂ ಕಾಯಬೇಕಾಯಿತು. ಕೊನೆಗೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವುಗಳ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ಆದರೆ ಆ ವರದಿಯನ್ನು ಫಾರ್ವರ್ಡ್ ಮಾಡಿದವರು ಎಷ್ಟು ಜನ?

ತಮಿಳು ಹಾಸ್ಯನಟ ವಿವೇಕ್ 2021ರ ಏಪ್ರಿಲ್ 15ರಂದು, ಜನರಿಗೆ ಧೈರ್ಯ ಬರಲೆಂದು ಸರ್ಕಾರಿ ಆಸ್ಪತ್ರೆಯಲ್ಲೇ ಕೋವಿಡ್ ಲಸಿಕೆ ಹಾಕಿಸಿಕೊಂಡರು. ಎರಡು ದಿನಗಳ ನಂತರ ಹೃದಯಾಘಾತದಿಂದ ತೀರಿಕೊಂಡರು. ಲಸಿಕೆಯೇ ಕಾರಣವೆಂಬ ವದಂತಿ ಕ್ಷಣದಲ್ಲಿ ಹಬ್ಬಿತು. ರಾಷ್ಟ್ರಮಟ್ಟದ ಸಮಿತಿ ಪರಿಶೀಲಿಸಿ, ಸಾವಿಗೆ ಲಸಿಕೆ ಕಾರಣವಲ್ಲ ಎಂದು ತೀರ್ಮಾನಿಸುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಸುಳ್ಳಿಗೆ ಒಂದು ಗಂಟೆ ಸಾಕು. ಸತ್ಯವನ್ನು ಖಚಿತಪಡಿಸಿಕೊಳ್ಳಲು ತಿಂಗಳುಗಳು ಬೇಕು. ಈ ಅಂತರದಲ್ಲಿಯೇ ಜೀವಗಳು ಹೋಗುತ್ತವೆ.

ಇನ್ನು ಕೆಲವರು ಒಳ್ಳೆಯ ಮನಸ್ಸಿನಿಂದಲೇ ತಪ್ಪು ಸಲಹೆ ಕೊಡುತ್ತಾರೆ. 2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟ್ ಆಟಗಾರ ನವಜೋತ್ ಸಿಂಗ್ ಸಿಧು, ತಮ್ಮ ಪತ್ನಿಯ ಕ್ಯಾನ್ಸರ್ ಗುಣವಾಗಲು ನಿಂಬೆ, ಅರಿಶಿನ, ಬೇವು ಮುಂತಾದವುಗಳ ಆಹಾರ ಕ್ರಮ ನೆರವಾಯಿತೆಂದು ಹೇಳಿದರು. ಆಕೆಗೆ ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಎಲ್ಲವೂ ನಡೆದಿದ್ದವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ, ಇಂಥ ಮಾತು ನಂಬಿ ಚಿಕಿತ್ಸೆಯನ್ನು ತಡ ಮಾಡಬೇಡಿ ಎಂದು ಪ್ರಕಟಣೆ ಹೊರಡಿಸಬೇಕಾಯಿತು. ಅರಿಶಿನ ಅಡುಗೆಗೆ ಒಳ್ಳೆಯದು. ಗಡ್ಡೆಗೆ ಬೇಕಾದದ್ದು ವೈದ್ಯರು.

2024ರ ಫೆಬ್ರವರಿಯಲ್ಲಿ ನಟಿಯೊಬ್ಬರು ತಾವು ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತಿರುವುದಾಗಿ ಸುಳ್ಳು ಸುದ್ದಿ ಹಾಕಿಸಿ, ಮರುದಿನ ಬದುಕಿ ಬಂದು, ಅರಿವು ಮೂಡಿಸಲು ಹೀಗೆ ಮಾಡಿದೆ ಎಂದರು. ದೇಶವೆಲ್ಲ ಆ ಕಾಯಿಲೆಯ ಹೆಸರು ಕೇಳಿದ್ದು ನಿಜ. ಆದರೆ ಆ ಎರಡು ದಿನ ಜನ ಚರ್ಚಿಸಿದ್ದು ನಟಿಯನ್ನು. ಈ ಕ್ಯಾನ್ಸರ್ ತಡೆಯಲು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕಿಸಬಹುದಾದ ಎಚ್‌ಪಿವಿ ಲಸಿಕೆ ಇದೆ, 30 ವರ್ಷ ದಾಟಿದ ಮಹಿಳೆಯರು ತಪಾಸಣೆ ಮಾಡಿಸಿಕೊಳ್ಳಬೇಕು ಎಂಬ ಎರಡು ಮಾತು ಎಷ್ಟು ತಾಯಂದಿರಿಗೆ ತಲುಪಿತು? ಸತ್ತವರ ಮನೆಯವರ ನೋವನ್ನು ಆಟದ ವಸ್ತು ಮಾಡಿ ಕಟ್ಟಿದ ಅರಿವು ನಿಲ್ಲುವುದಿಲ್ಲ.

ಹಣ ಪಡೆದು ಹೇಳುವ ಮಾತುಗಳಂತೂ ಬೇರೆಯೇ. ಏಲಕ್ಕಿಯ ಹೆಸರಿನಲ್ಲಿ ಪಾನ್ ಮಸಾಲ ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟ ಅಕ್ಷಯ್ ಕುಮಾರ್, ಅಭಿಮಾನಿಗಳ ಆಕ್ಷೇಪಣೆಯ ನಂತರ 2022ರ ಏಪ್ರಿಲ್‌ನಲ್ಲಿ ಜಾಲತಾಣದಲ್ಲೇ ಕ್ಷಮೆ ಕೇಳಿ ಹಿಂದೆ ಸರಿದರು. ಜಾಲತಾಣದಲ್ಲಿ ನಟ ಮಾತ್ರವಲ್ಲ, ಪ್ರೇಕ್ಷಕನೂ ಮಾತನಾಡಬಲ್ಲ ಎಂಬುದಕ್ಕೆ ಇದು ಸಾಕ್ಷಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿನಲ್ಲಿ ಸರಕನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆರೋಗ್ಯದ ಬಗ್ಗೆ ಮಾತನಾಡುವ ಖ್ಯಾತನಾಮರು, ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಸ್ಪಷ್ಟಪಡಿಸಬೇಕೆಂದು ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಪೋಲಿಯೋ ಕಲಿಸಿದ ಪಾಠ

ಹಾಗಾದರೆ ದಾರಿ ಯಾವುದು? ಪೋಲಿಯೋ ನಿರ್ಮೂಲನದ ಕಥೆ ಇದಕ್ಕೆ ಉತ್ತರ ಕೊಡುತ್ತದೆ. "ಎರಡು ಹನಿ" ಹಾಕಿಸಿ ಎಂದು ಅಮಿತಾಭ್ ಬಚ್ಚನ್ ದೂರದರ್ಶನದಲ್ಲಿ ಗದರಿಸಿದ್ದು ಹಿರಿಯರಿಗೆ ನೆನಪಿರಬಹುದು. ಅದರಿಂದ ಬಹಳ ಪ್ರಯೋಜನವಾಯಿತು. ಆದರೂ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ, ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿಯಿಂದ ಅನೇಕ ಮುಸ್ಲಿಂ ಕುಟುಂಬಗಳು ಬಾಗಿಲು ಹಾಕಿಕೊಂಡವು. ಅಲ್ಲಿ ಬಡ ಮಕ್ಕಳೇ ಹೆಚ್ಚಾಗಿ ಅಂಗವಿಕಲರಾದರು. ಆ ಬಾಗಿಲುಗಳು ತೆರೆದದ್ದು ಹೇಗೆ? ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳು ಕೈಜೋಡಿಸಿದವು. ಮಸೀದಿಯ ಇಮಾಮರು, ಮದ್ರಸದ ಉಸ್ತಾದರು ಮಾತನಾಡಿದರು. ಅದೇ ಗಲ್ಲಿಯ ಹೆಂಗಸರು ಮನೆ ಮನೆಗೆ ಹೋಗಿ, ನಮ್ಮ ಮಕ್ಕಳಿಗೂ ಹಾಕಿಸಿದ್ದೇವೆ ಎಂದು ಹೇಳಿದರು. ಭಾರತದ ಕೊನೆಯ ಪೋಲಿಯೋ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ಸಿಕ್ಕಿತು.

ದೂರದ ತಾರೆ ಕರೆದರೆ ನಾವು ತಿರುಗಿ ನೋಡುತ್ತೇವೆ. ಎದ್ದು ಹೊರಡಬೇಕಾದರೆ ಪರಿಚಯದ ದನಿಯೇ ಬೇಕು. ಆ ದನಿಯಾಗುವ ಕೆಲಸ ಇಂಥ ಶಿಕ್ಷಣ ಸಂಘಗಳದು.

ನಾವು ಮಾಡಬಹುದಾದ ಕೆಲಸ

ವಿದ್ಯಾರ್ಥಿಗಳಿಗೆ ನನ್ನ ಮನವಿ ಇಷ್ಟೆ. ಆರೋಗ್ಯದ ಸಂದೇಶವೊಂದು ಬಂದಾಗ ಅದನ್ನು ಮುಂದೆ ಕಳಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಹೇಳಿದವರು ಈ ವಿಷಯ ಕಲಿತವರೆ? ಅವರಿಗೆ ಇದರಿಂದ ಹಣ ಬರುತ್ತದೆಯೆ? ಇದು ವೈದ್ಯರ ಬಳಿ ಹೋಗಿ ಎನ್ನುತ್ತದೆಯೊ, ಹೋಗಬೇಡಿ ಎನ್ನುತ್ತದೆಯೊ? ಸುದ್ದಿಯ ದಿನಾಂಕ ಯಾವುದು? ಉತ್ತರ ಸಿಗದಿದ್ದರೆ ಕಳಿಸಬೇಡಿ. ಮನೆಯಲ್ಲಿ ಅಜ್ಜಿಯೋ ಅಬ್ಬಾನೋ ಅಂಥ ಸಂದೇಶ ತೋರಿಸಿದರೆ ನಗಬೇಡಿ. ಪಕ್ಕದಲ್ಲಿ ಕುಳಿತು ವಿವರಿಸಿ.

ಸದಸ್ಯ ಬಂಧುಗಳಿಗೆ ಮೂರು ಸಲಹೆಗಳಿವೆ. ಮೊದಲನೆಯದಾಗಿ, ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಆರೋಗ್ಯ ಸಂದೇಶಗಳನ್ನು ಪರಿಶೀಲಿಸಿ ಹೇಳಲು ನಮ್ಮವರೇ ಆದ ಇಬ್ಬರು ವೈದ್ಯರನ್ನು ಒಪ್ಪಿಸೋಣ. ಎರಡನೆಯದಾಗಿ, ವರ್ಷಕ್ಕೊಮ್ಮೆ ಆಶಾ ಕಾರ್ಯಕರ್ತೆಯರನ್ನೂ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ಕರೆಸಿ, ರಕ್ತದೊತ್ತಡ, ಸಕ್ಕರೆ, ಬಾಯಿಯ ಕ್ಯಾನ್ಸರ್ ತಪಾಸಣೆ ಏರ್ಪಡಿಸೋಣ. ಹೆಂಗಸರಿಗೆ ಮಹಿಳಾ ವೈದ್ಯರೇ ಇರಲಿ. ಮೂರನೆಯದಾಗಿ, ಎದೆನೋವು ಬಂದಾಗ ಏನು ಮಾಡಬೇಕೆಂಬುದನ್ನು ಪ್ರತಿ ಮನೆಗೂ ಕಲಿಸೋಣ. ಗ್ಯಾಸ್ ಎಂದು ಸೋಡಾ ಕುಡಿದು ಮಲಗಬಾರದು. ತಕ್ಷಣ 108ಕ್ಕೆ ಫೋನ್ ಮಾಡಬೇಕು. ಹಳ್ಳಿಗಳಲ್ಲಿರುವ ನಮ್ಮ ನೆಂಟರಿಗೂ ತಿಳಿಸಿ: ಪುನೀತ್ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ "ಹೃದಯ ಜ್ಯೋತಿ" ಯೋಜನೆಯನ್ನು ತಂದಿದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ತಜ್ಞರು ದೂರದಿಂದಲೇ ನೋಡುತ್ತಾರೆ. ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ ಉಚಿತವಾಗಿ ಕೊಡುತ್ತಾರೆ. ಒಬ್ಬ ನಟನ ಮೇಲಿನ ಜನರ ಪ್ರೀತಿ ಹೀಗೆ ಒಂದು ಸೇವೆಯಾಗಿ ಉಳಿದರೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.

ಮಿತ್ರರೆ, ನೆಚ್ಚಿನ ನಟನ ಚಿತ್ರ ಬಿಡುಗಡೆಯಾದ ದಿನ ಕಟೌಟಿಗೆ ಹಾರ ಹಾಕುವವರು ಹಾಕಲಿ. ಆದರೆ ಅವರು ಹೇಳಿದ ಒಂದು ಒಳ್ಳೆಯ ಮಾತನ್ನು ವೈದ್ಯರಲ್ಲಿ ಕೇಳಿ ಖಚಿತಪಡಿಸಿಕೊಂಡು, ನಮ್ಮ ಬೀದಿಯ ನಾಲ್ಕು ಮನೆಗಳಿಗೆ ತಲುಪಿಸುವುದು ಅದಕ್ಕಿಂತ ಹೆಚ್ಚಿನ ಅಭಿಮಾನ. ಮುಂದಿನ ವರ್ಷ ನಾವು ಇಲ್ಲಿ ಸೇರುವಾಗ, ಇಷ್ಟು ಜನರ ತಪಾಸಣೆಯಾಯಿತು, ಇಷ್ಟು ತಾಯಂದಿರು ಸಮಯಕ್ಕೆ ಸರಿಯಾಗಿ ಚೆಲುವಾಂಬ ಆಸ್ಪತ್ರೆಗೋ ಕೆ.ಆರ್. ಆಸ್ಪತ್ರೆಗೋ ಹೋದರು ಎಂಬ ಲೆಕ್ಕವನ್ನು ಸಂಘದ ಕಾರ್ಯದರ್ಶಿಗಳು ತಮ್ಮ ವಾರ್ಷಿಕ ವರದಿಯಲ್ಲಿ ಓದುವಂತಾಗಲಿ ಎಂದು ಆಶಿಸುತ್ತೇನೆ.